ಜ್ವರ ಬಂದ ದಿನ ಕ್ಲೋಜಪಿನ್ ನಿಲ್ಲಿಸಬೇಕಾ?

ಪ್ರಶ್ನೆ: ಡಾಕ್ಟರೇ, ನನ್ನ ತಮ್ಮನಿಗೆ 34 ವರ್ಷ. ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಅಂತ ಗೊತ್ತಾಗಿ 11 ವರ್ಷ ಆಯಿತು. ಬೇರೆ ಮಾತ್ರೆಗಳು ನಾಟದೆ ಕೊನೆಗೆ ಕ್ಲೋಜಪಿನ್ ಹಿಡಿಸಿತು. ಅದನ್ನು ಶುರು ಮಾಡಿ ಏಳು ವರ್ಷ. 2021ರಲ್ಲಿ ಮನೆಮಂದಿಗೆಲ್ಲ ಕೊರೊನಾ ಬಂತು. ರಕ್ತ ಪರೀಕ್ಷೆಗೆ ಹೋಗಲು ಆಗಲಿಲ್ಲ, ಮಾತ್ರೆ ಸಿಗಲಿಲ್ಲ, ಐದು ದಿನ ತಪ್ಪಿತು. ಅಪ್ಪ ತೀರಿಕೊಂಡರು. ತಿಂಗಳೊಳಗೆ ತಮ್ಮನ ಕಾಯಿಲೆ ಮರುಕಳಿಸಿತು. ಸರಿಹೋಗಲು ಒಂದು ವರ್ಷ ಬೇಕಾಯಿತು. ಈಗ ಟೀವಿಯಲ್ಲಿ ಹೊಸ ವೈರಸ್ ಸುದ್ದಿ ಬಂದರೆ ಸಾಕು, ಪದೇ ಪದೇ ಕೈ ತೊಳೆಯುತ್ತಾನೆ, ಕಿಟಕಿ ಮುಚ್ಚುತ್ತಾನೆ. "ಅಪ್ಪನಿಗೆ ನಾನೇ ಹಚ್ಚಿದ್ದು" ಅನ್ನುತ್ತಾನೆ. ಈ ಮಾತ್ರೆಯಿಂದ ರೋಗ ತಡೆಯುವ ಶಕ್ತಿ ಹೋಗುತ್ತದೆ, ಜ್ವರ ಬಂದರೆ ತಕ್ಷಣ ನಿಲ್ಲಿಸಬೇಕು ಅಂತ ಅಮ್ಮನಿಗೆ ಯಾರೋ ಹೇಳಿದ್ದಾರೆ. ನಿಜವಾ? ಇಂಥವರಿಗೆ ವೈರಸ್ ಜಾಸ್ತಿ ಕಾಡುತ್ತದಾ? ಅವನದು ಭಯವೋ ಕಾಯಿಲೆಯೋ ಹೇಗೆ ತಿಳಿಯೋದು? ಇನ್ನೊಮ್ಮೆ ಅಂಥ ಕಾಲ ಬಂದರೆ ನಾವೇನು ಮಾಡಬೇಕು? ಕೊನೆಯದಾಗಿ, ನಿಮ್ಮ ಉತ್ತರವನ್ನು ಅವನಿಗೆ ತೋರಿಸಬಹುದಾ?

ಉತ್ತರ: ಅಮ್ಮನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಎಡವಟ್ಟಾದರೆ ಬೇಗ ಆಗುವುದು ಅಲ್ಲೇ. ಜ್ವರ ಬಂತು ಅಂತ ಮನೆಯಲ್ಲೇ ತೀರ್ಮಾನ ಮಾಡಿ ಕ್ಲೋಜಪಿನ್ ನಿಲ್ಲಿಸಬೇಡಿ. ಹಾಗಂತ ಏನೂ ಆಗಿಲ್ಲವೆಂಬಂತೆ ಮುಂದುವರಿಸಲೂ ಬೇಡಿ. ಜ್ವರ ಕಂಡ ದಿನವೇ ನಿಮ್ಮ ಮನೋವೈದ್ಯರಿಗೆ ಫೋನ್ ಮಾಡಿ, ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ಎಷ್ಟು ಕೊಡಬೇಕು ಅನ್ನುವುದನ್ನು ಆ ವರದಿ ನೋಡಿ ಅವರು ಹೇಳುತ್ತಾರೆ.

ಅಮ್ಮನಿಗೆ ಹೇಳಿದವರ ಮಾತಿನಲ್ಲಿ ಒಂದೆಳೆ ನಿಜ ಇದೆ. ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಪೂರಾ ಕುಸಿಯುತ್ತದೆ. 1975ರಲ್ಲಿ ಫಿನ್‌ಲೆಂಡಿನಲ್ಲಿ ಹೀಗಾಗಿ ಹಲವರು ಸತ್ತರು. ಆಮೇಲೆ ಈ ಔಷಧಿ ಬಹಳ ಕಡೆ ಮೂಲೆ ಸೇರಿತು. ಬೇರೆ ಮಾತ್ರೆಗೆ ಬಗ್ಗದ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಅಂತ 1988ರ ಒಂದು ದೊಡ್ಡ ಅಧ್ಯಯನ ತೋರಿಸಿದ ಮೇಲೆ, ರಕ್ತ ಪರೀಕ್ಷೆಯ ಷರತ್ತಿನೊಂದಿಗೆ ವಾಪಸ್ ಬಂತು. ಕಣ ಕುಸಿಯುವ ಅಪಾಯ ಹೆಚ್ಚಾಗಿ ಮೊದಲ 18 ವಾರಗಳಲ್ಲಿ. ನಿಮ್ಮ ತಮ್ಮ ಏಳು ವರ್ಷ ದಾಟಿದ್ದಾರೆ. ಅವರ ಪಾಲಿನ ಅಪಾಯ ಈಗ ತುಂಬಾ ಕಡಿಮೆ. ಆದರೆ ಸೊನ್ನೆ ಅಲ್ಲ. ಆದ್ದರಿಂದಲೇ ಜ್ವರ, ಗಂಟಲುನೋವು ಅಂದ ಕೂಡಲೇ ಕಣಗಳ ಎಣಿಕೆ ನೋಡುತ್ತೇವೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ನ್ಯೂಟ್ರೋಫಿಲ್ 1000ಕ್ಕಿಂತ ಕೆಳಗೆ ಹೋದರೆ ಮಾತ್ರೆ ನಿಲ್ಲಿಸುತ್ತೇವೆ. ಕೆಲವು ದೇಶಗಳಲ್ಲಿ ಈ ಗೆರೆ 1500. ವೈರಸ್ ಕೂಡ ಕೆಲವು ದಿನ ಬಿಳಿಕಣಗಳನ್ನು ಇಳಿಸುವುದರಿಂದ ವರದಿಯನ್ನು ನೀವೇ ಓದಿ ಗಾಬರಿಯಾಗಬೇಡಿ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಉಳಿದ ಹೆಚ್ಚಿನ ಮಾತ್ರೆಗಳಲ್ಲಿ ಬಿಳಿಕಣದ ಈ ತಲೆಬಿಸಿ ಇಷ್ಟಿಲ್ಲ. "ಮನಸ್ಸಿನ ಮಾತ್ರೆ ನುಂಗಿದರೆ ರೋಗ ತಡೆಯುವ ಶಕ್ತಿ ಹೋಗುತ್ತದೆ" ಅನ್ನುವುದು ಈ ಒಂದೆಳೆಯನ್ನು ಹಗ್ಗ ಮಾಡಿ ಹೊಸೆದ ಮಾತು.

ಜನ ಬಿಳಿಕಣಕ್ಕೆ ಹೆದರುತ್ತಾರೆ. ಕೋವಿಡ್ ಕಾಲದಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ಇನ್ನೊಂದು. ಸೋಂಕು ಜೋರಾದಾಗ ಕ್ಲೋಜಪಿನ್ ಅನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವ ಮಂಕಾಗುತ್ತದೆ. ಮಾತ್ರೆ ಅಷ್ಟೇ ನುಂಗಿದರೂ ರಕ್ತದಲ್ಲಿ ಅದರ ಪ್ರಮಾಣ ಏರುತ್ತಾ ಹೋಗುತ್ತದೆ. ಇದರ ಜೊತೆ ಸಿಗರೇಟು ನಿಂತರಂತೂ ಕೇಳಬೇಡಿ. ಸಿಗರೇಟಿನ ಹೊಗೆ ಆ ಕಿಣ್ವವನ್ನು ಚುರುಕಾಗಿ ಇಟ್ಟಿರುತ್ತದೆ. ಆ ಕೆಲಸ ಹೊಗೆಯದು, ನಿಕೋಟಿನ್‌ದಲ್ಲ. ಹಾಗಾಗಿ ನಿಕೋಟಿನ್ ಚೂಯಿಂಗ್ ಗಮ್ ಕೊಟ್ಟರೆ ಈ ಲೆಕ್ಕ ಸರಿಹೋಗುವುದಿಲ್ಲ. ಸೇದುವುದು ನಿಂತ ಒಂದು ವಾರದಲ್ಲಿ ಔಷಧಿಯ ಮಟ್ಟ ಒಂದೂವರೆ ಪಟ್ಟಾಗಬಹುದು, ಕೆಲವರಲ್ಲಿ ಇನ್ನೂ ಜಾಸ್ತಿ.

ನಾನು ನೋಡುತ್ತಿದ್ದ ಒಬ್ಬರಿಗೆ ಕೊರೊನಾ ಬಂದು ಪ್ರತ್ಯೇಕ ವಾರ್ಡಿಗೆ ಹಾಕಿದ್ದರು. ನಾಲ್ಕನೇ ದಿನ ಅವರ ಹೆಂಡತಿ ಫೋನ್ ಮಾಡಿದರು. "ಉಸಿರಾಟ ಚೆನ್ನಾಗಿದೆಯಂತೆ ಸರ್. ಆದರೆ ಮಾತು ತೊದಲುತ್ತಿದೆ. ದಿಂಬೆಲ್ಲ ಜೊಲ್ಲು. ಲೋಟ ಹಿಡಿದರೆ ಕೈ ಝುಮ್ ಅಂತ ಎಗರುತ್ತದಂತೆ." ಅಲ್ಲಿನವರು ಅದನ್ನು "ಅವರ ಹಳೇ ಕಾಯಿಲೆ" ಅಂದುಕೊಂಡಿದ್ದರು. ದಿನಕ್ಕೆ ಎಷ್ಟು ಸಿಗರೇಟು ಸೇದುತ್ತಿದ್ದರು ಅಂತ ನಾನು ಕೇಳಿದೆ. "ಇಪ್ಪತ್ತು. ಈಗ ನಾಲ್ಕು ದಿನದಿಂದ ಒಂದೂ ಇಲ್ಲ" ಅಂದರು. ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದೆ. ಮಾತ್ರೆ ಅರ್ಧ ಮಾಡಿದರು. ಮೂರು ದಿನದಲ್ಲಿ ಮಾತು ಸರಿಯಾಯಿತು. ತಡ ಮಾಡಿದ್ದರೆ ಫಿಟ್ಸ್ ಬರಬಹುದಿತ್ತು. ಅತಿಯಾದ ಮಂಪರು, ಜೊಲ್ಲು, ತೊದಲು, ಓಲಾಟ, ಕೈಕಾಲು ಎಗರುವುದು, ಇವು ಜ್ವರದ ಜೊತೆ ಕಂಡರೆ ಅದು ತುರ್ತು. ಮಾರನೇ ದಿನಕ್ಕೆ ಕಾಯಬೇಡಿ.

ನಿಮ್ಮ ಪ್ರಶ್ನೆಯಲ್ಲಿ "ಐದು ದಿನ ತಪ್ಪಿತು" ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಅಂದು ಮಾತ್ರೆ ಸಿಕ್ಕಿದ ಮೇಲೆ ಹಳೇ ಡೋಸನ್ನೇ ಶುರು ಮಾಡಿದ್ದಿರಾ? ಮುಂದೆ ಯಾವತ್ತಾದರೂ 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಾಗೆ ಮಾಡಬಾರದು. ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ. ರಕ್ತದೊತ್ತಡ ಒಮ್ಮೆಗೇ ಬಿದ್ದುಹೋಗಬಹುದು. 12.5 ಮಿಲಿಗ್ರಾಂನಿಂದ ಮತ್ತೆ ಮೆಲ್ಲಗೆ ಏರಿಸಬೇಕು, ಅದೂ ಡಾಕ್ಟರ ಕಣ್ಗಾವಲಿನಲ್ಲಿ.

ಇನ್ನು ವೈರಸ್ ಇಂಥವರಿಗೆ ಜಾಸ್ತಿ ಕಾಡುತ್ತದಾ ಅನ್ನುವುದು. ಸೋಂಕು ತಗಲುವುದೇ ಜಾಸ್ತಿಯಾ ಅನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ತಗಲಿದ ಮೇಲಿನ ಕತೆ ಬೇರೆ. ನ್ಯೂಯಾರ್ಕಿನ ಒಂದು ಆಸ್ಪತ್ರೆ ಜಾಲದಲ್ಲಿ ಕೋವಿಡ್ ಬಂದ 7,000ಕ್ಕೂ ಹೆಚ್ಚು ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ವಯಸ್ಸು, ಸಕ್ಕರೆ ಕಾಯಿಲೆ, ಹೃದ್ರೋಗ, ಸಿಗರೇಟು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ, ಸ್ಕಿಜೋಫ್ರೇನಿಯಾ ಇರುವವರು ಸಾಯುವ ಸಂಭವ ಸುಮಾರು 2.7 ಪಟ್ಟು ಜಾಸ್ತಿ ಇತ್ತು. ವಯಸ್ಸನ್ನು ಬಿಟ್ಟರೆ ಅದೇ ದೊಡ್ಡ ಅಪಾಯ. ಆತಂಕದ ಕಾಯಿಲೆ ಇರುವವರಲ್ಲಿ ಈ ಏರಿಕೆ ಕಾಣಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸ್ಕಿಜೋಫ್ರೇನಿಯಾವನ್ನು ಕೋವಿಡ್ ಅಪಾಯದ ಪಟ್ಟಿಗೆ ಸೇರಿಸಿತು.

ಯಾಕೆ ಹೀಗೆ? ಕಾಯಿಲೆಯೊಳಗೇ ಏನಾದರೂ ಇದೆಯಾ ಅಂತ ಹುಡುಕುವವರು ಹುಡುಕುತ್ತಿದ್ದಾರೆ. ನಾನು ದಿನಾ ಕಣ್ಣಾರೆ ಕಾಣುವುದು ಇಷ್ಟು: ಮಾತ್ರೆಯಿಂದ ತೂಕ ಏರಿರುತ್ತದೆ, ಸಕ್ಕರೆ ಕಾಯಿಲೆ ಇದ್ದರೂ ಗೊತ್ತಿರುವುದಿಲ್ಲ, ಸಿಗರೇಟು ಇರುತ್ತದೆ. ಮೈ ನೋವಿದ್ದರೂ ಬಾಯಿಬಿಟ್ಟು ಹೇಳುವುದು ಕಡಿಮೆ. ಹೇಳಿದರೂ ಎದುರಿಗಿರುವವರು ಚೀಟಿಯ ಮೇಲಿನ ರೋಗದ ಹೆಸರನ್ನು ಮೊದಲು ಓದುತ್ತಾರೆ. "ಉಸಿರು ಕಟ್ಟುತ್ತಿದೆ" ಅಂದರೆ ಭ್ರಮೆ ಅಂದುಕೊಳ್ಳುತ್ತಾರೆ. ನನ್ನ ವೃತ್ತಿಯವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಿಮ್ಮ ಹತ್ತಿರ ಆಕ್ಸಿಮೀಟರ್ ಇದ್ದರೆ ಆ ಅಂಕಿ ಹಿಡಿದು ಹೋಗಿ. ಅಂಕಿಯ ಜೊತೆ ಯಾರೂ ವಾದ ಮಾಡುವುದಿಲ್ಲ.

ಕೂಡಿಹಾಕುವ ವಾರ್ಡುಗಳ ಮಾತೂ ಇದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಚೆಯೊಂಗ್ಡೊದಲ್ಲಿ ಒಂದು ಆಸ್ಪತ್ರೆಯ ಮನೋರೋಗ ವಾರ್ಡಿಗೆ ವೈರಸ್ ನುಗ್ಗಿತು. ನೂರರ ಆಸುಪಾಸು ರೋಗಿಗಳಿದ್ದರು, ಹೆಚ್ಚುಕಡಿಮೆ ಎಲ್ಲರಿಗೂ ತಗಲಿತು. ಆ ದೇಶದ ಮೊದಲ ಕೋವಿಡ್ ಸಾವು ಆದದ್ದು ಅಲ್ಲೇ, ವರ್ಷಗಟ್ಟಲೆ ಅದೇ ವಾರ್ಡಿನಲ್ಲಿದ್ದ ಒಬ್ಬ ರೋಗಿಯದು.

ಲಸಿಕೆ ಹಾಕಿಸಿ. ಮನೋರೋಗದ ಮಾತ್ರೆಗೂ ಲಸಿಕೆಗೂ ಜಗಳವಿಲ್ಲ. ಹಾಕಿಸಿದ ಮೇಲೆ ಜ್ವರ ಬಂದು ಕ್ಲೋಜಪಿನ್ ಮಟ್ಟ ಏರಿದ ಉದಾಹರಣೆ ಅಲ್ಲೊಂದು ಇಲ್ಲೊಂದು ಇವೆ. ಒಂದು ವಾರ ಮಂಪರು ಜಾಸ್ತಿಯಾಯಿತಾ ಅಂತ ಗಮನಿಸಿದರೆ ಸಾಕು.

ಸೋಂಕಿಗೆ ಕೊಡುವ ಔಷಧಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಪ್ಯಾಕ್ಸ್‌ಲೋವಿಡ್ ಎಂಬ ಕೋವಿಡ್ ಮಾತ್ರೆಯಲ್ಲಿರುವ ರಿಟೋನವಿರ್ ನಮ್ಮ ಹಲವು ಮಾತ್ರೆಗಳ ಜೊತೆ ಹೊಂದುವುದಿಲ್ಲ. ಸಿಪ್ರೋಫ್ಲಾಕ್ಸಸಿನ್ ಎಂಬ ಮಾಮೂಲಿ ಆಂಟಿಬಯೋಟಿಕ್ ಕ್ಲೋಜಪಿನ್ ಮಟ್ಟವನ್ನು ಅಪಾಯಕ್ಕೆ ಏರಿಸಬಲ್ಲದು. ಅಜಿತ್ರೋಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್‌ನಿಂದ ಹೃದಯದ ಲಯ ಏರುಪೇರಾಗುವ ಸಂಭವ ನಮ್ಮ ಮಾತ್ರೆಯ ಜೊತೆ ಸೇರಿ ಹೆಚ್ಚುತ್ತದೆ. ಬರೆದುಕೊಡುವ ಡಾಕ್ಟರಿಗೆ "ಇವರು ಕ್ಲೋಜಪಿನ್ ತೆಗೆದುಕೊಳ್ಳುತ್ತಾರೆ" ಅಂತ ಪ್ರತಿ ಸಲವೂ ಬಾಯಿಬಿಟ್ಟು ಹೇಳಿ. ಚೀಟಿಯಲ್ಲಿದೆಯಲ್ಲ ಅಂತ ಸುಮ್ಮನಿರಬೇಡಿ. ಕೋವಿಡ್ ಜೋರಾದಾಗ ಕೊಡುವ ಸ್ಟೀರಾಯ್ಡ್ ಕೂಡ ಕೆಲವರಲ್ಲಿ ನಿದ್ದೆ ಕೆಡಿಸಿ ತಲೆ ಕದಡುತ್ತದೆ. ಆ ಗೊಂದಲವೆಲ್ಲ ಹಳೇ ಕಾಯಿಲೆಯೇ ಆಗಬೇಕೆಂದಿಲ್ಲ. ಇದು ಹೊಸ ಪಾಠವೂ ಅಲ್ಲ. 1918ರ ಫ್ಲೂ ಕಾಲದಲ್ಲಿ ಬಾಸ್ಟನ್ನಿನ ಕಾರ್ಲ್ ಮೆನಿಂಜರ್ ಎಂಬ ಡಾಕ್ಟರು ಫ್ಲೂ ಬಂದು ಮನಸ್ಸು ಕೆಟ್ಟ 100 ಜನರ ವಿವರ ಬರೆದಿಟ್ಟರು. ಥೇಟ್ ಸ್ಕಿಜೋಫ್ರೇನಿಯಾದಂತೆ ಕಂಡವರಲ್ಲೂ ಬಹಳ ಜನ ಮುಂದೆ ಚೇತರಿಸಿಕೊಂಡಿದ್ದರು.

ಈಗ ಕೈ ತೊಳೆಯುವುದು, ಕಿಟಕಿ ಮುಚ್ಚುವುದು. ಭ್ರಮೆ ಯಾವಾಗಲೂ ಆಯಾ ಕಾಲದ ಬಟ್ಟೆ ತೊಡುತ್ತದೆ. ಒಂದು ಕಾಲದಲ್ಲಿ ರೇಡಿಯೋ ಅಲೆ, ಆಮೇಲೆ ಉಪಗ್ರಹ, ಮೊನ್ನೆ ವೈರಸ್ ಮತ್ತು 5ಜಿ ಟವರ್. ಆದರೆ ಸಾಂಕ್ರಾಮಿಕದಲ್ಲಿ ಒಂದು ವಿಚಿತ್ರ ನಡೆಯಿತು. ಕಣ್ಣಿಗೆ ಕಾಣದ ಶತ್ರು ಗಾಳಿಯಲ್ಲಿದ್ದಾನೆ, ಯಾರನ್ನೂ ಮುಟ್ಟಬೇಡ, ನೀನು ಎಲ್ಲಿ ಹೋದೆ ಅಂತ ಫೋನು ಲೆಕ್ಕ ಇಡುತ್ತದೆ ಅಂತ ಸರ್ಕಾರಗಳೇ ಹೇಳಿದವು. 2020ರಲ್ಲಿ ನನ್ನ ಒಬ್ಬ ರೋಗಿ ಕುರ್ಚಿ ಎಳೆದುಕೊಂಡು ಕೂತು, ನನ್ನ ಮುಖದ ಮಾಸ್ಕನ್ನೇ ನೋಡುತ್ತಾ ನಕ್ಕರು. "ಹತ್ತು ವರ್ಷದಿಂದ ನಾನು ಇದನ್ನೇ ಹೇಳುತ್ತಿದ್ದೆ. ಈಗ ನೀವೆಲ್ಲ ನನ್ನ ಹಾಗೇ ಆಗಿದ್ದೀರಿ, ಅಲ್ವಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂದಹಾಗೆ ಅವರು ಲಾಕ್‌ಡೌನಿನಲ್ಲಿ ನಮಗಿಂತ ನೆಮ್ಮದಿಯಾಗಿದ್ದರು. ಹೊರಗೆ ಹೋಗು, ಜನರ ಜೊತೆ ಬೆರೆ ಅಂತ ಯಾರೂ ದೂಡುತ್ತಿರಲಿಲ್ಲವಲ್ಲ. ಸ್ಕಿಜೋಫ್ರೇನಿಯಾ ಇರುವವರೆಲ್ಲ ಸಾಂಕ್ರಾಮಿಕದಲ್ಲಿ ಹದಗೆಟ್ಟೇ ಹೋಗುತ್ತಾರೆ ಅನ್ನುವುದು ತಪ್ಪು. ನನ್ನ ಆ ರೋಗಿಗೆ ತೊಂದರೆಯಾದದ್ದು ಆಮೇಲೆ, ಬಾಗಿಲು ತೆರೆದಾಗ. ಮತ್ತೆ ಹೊರಗೆ ಬರಲು ಎರಡು ವರ್ಷ ಹಿಡಿಯಿತು.

ಆದ್ದರಿಂದ ಕೈ ಎಷ್ಟು ಸಲ ತೊಳೆಯುತ್ತಾರೆ ಅಂತ ಎಣಿಸಬೇಡಿ. ಮಾತಿನ ಸ್ವರೂಪ ಕೇಳಿ. "ವೈರಸ್ ಬಂದಿದೆಯಂತೆ, ನಮಗೂ ಬರಬಹುದು" ಅಂದರೆ ಅದು ಭಯ. ಅಪ್ಪನನ್ನು ಕಳೆದುಕೊಂಡ ಮನೆಯಲ್ಲಿ ಆ ಭಯ ಇಲ್ಲದಿದ್ದರೇ ಆಶ್ಚರ್ಯ. "ವೈರಸ್ಸನ್ನು ನನಗೋಸ್ಕರವೇ ಬಿಟ್ಟಿದ್ದಾರೆ", "ಪಕ್ಕದ ಮನೆಯವರು ಕಿಟಕಿಯಿಂದ ತೂರುತ್ತಿದ್ದಾರೆ" ಅಂದರೆ ಕಿವಿ ನಿಮಿರಿಸಿ. ಸುದ್ದಿ ತಣ್ಣಗಾದಾಗ ಭಯವೂ ತಣ್ಣಗಾಗುತ್ತದಾ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ನಿದ್ದೆ ನೋಡಿ. 2021ರಲ್ಲಿ ಮರುಕಳಿಸುವ ಎರಡು ವಾರ ಮುಂಚೆ ಏನೇನಾಗಿತ್ತು ಅಂತ ಅಮ್ಮನ ಜೊತೆ ಕೂತು ನೆನಪು ಮಾಡಿಕೊಳ್ಳಿ. ರಾತ್ರಿ ಓಡಾಟವಾ, ಸ್ನಾನ ಬಿಟ್ಟಿದ್ದಾ, ಫೋನ್ ಬಚ್ಚಿಟ್ಟಿದ್ದಾ? ಒಬ್ಬೊಬ್ಬರಿಗೂ ಅವರವರದೇ ಗುರುತು ಇರುತ್ತದೆ, ಮುಂದಿನ ಸಲವೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಬರುತ್ತದೆ. ಎರಡು ಗುರುತು ಒಟ್ಟಿಗೆ ಕಂಡರೆ ಡಾಕ್ಟರಿಗೆ ಫೋನ್ ಮಾಡಿ.

"ಅಪ್ಪನಿಗೆ ನಾನೇ ಹಚ್ಚಿದ್ದು" ಅನ್ನುವ ಮಾತನ್ನು ಬೇರೆಯಾಗಿ ಇಡುತ್ತೇನೆ. ಇದೇ ಮಾತನ್ನು ಯಾವ ಮನೋರೋಗವೂ ಇಲ್ಲದ ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಇದು ದುಃಖ. ಮನೆಯವರಿಗೆಲ್ಲ ಒಟ್ಟಿಗೆ ಬಂದಾಗ ಯಾರಿಂದ ಯಾರಿಗೆ ಅಂತ ಯಾವ ಡಾಕ್ಟರೂ ಹೇಳಲಾರ. ಅವರಿಗೂ ಹಾಗೇ ಹೇಳಿ. "ಹಾಗೆಲ್ಲ ಯೋಚಿಸಬೇಡ, ಮಾತ್ರೆ ತಗೊಂಡ್ಯಾ?" ಅಂತ ಮಾತು ತಿರುಗಿಸಬೇಡಿ. ಅಪ್ಪನ ವಿಷಯ ಬಂದಾಗಲೆಲ್ಲ ಮಾತ್ರೆಯ ವಿಷಯ ಬಂದರೆ, ಅಪ್ಪನ ಬಗ್ಗೆ ಮಾತಾಡುವುದನ್ನೇ ಅವರು ಬಿಟ್ಟುಬಿಡುತ್ತಾರೆ. ಅಪ್ಪನನ್ನು ಕೊನೆಯ ಸಲ ನೋಡಲು ಅವರಿಗೆ ಆಯಿತಾ ಇಲ್ಲವಾ ಅಂತ ನೀವು ಬರೆದಿಲ್ಲ. ಆಗಿರದಿದ್ದರೆ ಅದನ್ನೂ ಕೇಳಿ.

ಮನೆಯೊಳಗಿನ ಮಾತಿನ ಬಗ್ಗೆ ಒಂದು ಹಳೇ ಲೆಕ್ಕ ಹೇಳುತ್ತೇನೆ. ಲಂಡನ್ನಿನ ಸಂಶೋಧಕರು 1970ರ ದಶಕದಲ್ಲಿ ಕಂಡುಕೊಂಡದ್ದು: ಸದಾ ತಪ್ಪು ಹುಡುಕುವ, ಸಿಡುಕುವ ಅಥವಾ ಅತಿಯಾಗಿ ಕಾಳಜಿ ಮಾಡಿ ಉಸಿರುಗಟ್ಟಿಸುವ ಮನೆಯವರ ಜೊತೆ ವಾರಕ್ಕೆ 35 ಗಂಟೆಗಿಂತ ಹೆಚ್ಚು ಮುಖಾಮುಖಿ ಕಳೆದರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಲಾಕ್‌ಡೌನಿನಲ್ಲಿ ಈ 35 ಗಂಟೆ ಮೂರು ದಿನಕ್ಕೇ ಮುಗಿದುಹೋಗುತ್ತಿತ್ತು. ನಿಮ್ಮನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಒಂದೇ ಮನೆಯಲ್ಲಿ ಬಂದಿಯಾದರೆ ಯಾರು ತಾನೇ ಸಿಡುಕುವುದಿಲ್ಲ? ಮತ್ತೆ ಅಂಥ ದಿನ ಬಂದರೆ ಮನೆಯಲ್ಲೇ ದಿನಕ್ಕೆ ಕೆಲವು ಗಂಟೆ ಒಬ್ಬರ ಕಣ್ಣಿಗೆ ಒಬ್ಬರು ಬೀಳದ ಹಾಗೆ ಇರಿ. ಅವರು ಬಾಗಿಲು ಹಾಕಿಕೊಂಡರೆ ಪ್ರತಿ ಸಲ ತಟ್ಟಬೇಡಿ. ಟೀವಿ ಸುದ್ದಿ ದಿನಕ್ಕೆ ಒಂದೇ ಸಲ, ಅದೂ ಮಲಗುವ ಹೊತ್ತಿಗೆ ಬೇಡ. ಈ ನಿಯಮ ಮನೆಯವರೆಲ್ಲರಿಗೂ ಇರಲಿ. ಅವರೊಬ್ಬರಿಗೆ ಹಾಕಿದರೆ ಅನುಮಾನಕ್ಕೆ ಇನ್ನೊಂದು ಕಾರಣ ಕೊಟ್ಟಂತೆ.

ಇನ್ನು ಮುಂದಿನ ಸಲದ ತಯಾರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 130 ದೇಶಗಳನ್ನು ವಿಚಾರಿಸಿದಾಗ 93 ಶೇಕಡಾ ದೇಶಗಳಲ್ಲಿ ಮಾನಸಿಕ ಆರೋಗ್ಯ ಸೇವೆ ನಿಂತಿತ್ತು ಅಥವಾ ಕುಂಟುತ್ತಿತ್ತು. ಮುಂದಿನ ಸಲವೂ ಕುಂಟುತ್ತದೆ ಅಂತಲೇ ಇಟ್ಟುಕೊಳ್ಳಿ. ರಕ್ತ ಪರೀಕ್ಷೆಗೆ ದಾರಿ ಇದೆ. ಒಂದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಕ್ಲೋಜಪಿನ್ ತೆಗೆದುಕೊಳ್ಳುತ್ತಿದ್ದು, ಎಣಿಕೆ ಯಾವತ್ತೂ ಇಳಿಯದವರಿಗೆ ತಿಂಗಳ ಬದಲು ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಬಹುದು ಅಂತ 2020ರಲ್ಲೇ ತಜ್ಞರು ಒಮ್ಮತಕ್ಕೆ ಬಂದರು. ನಿಮ್ಮ ಡಾಕ್ಟರ ಹತ್ತಿರ ಇದನ್ನು ಈಗಲೇ ಕೇಳಿ, ಗಲಾಟೆ ಶುರುವಾದ ಮೇಲಲ್ಲ. ಮನೆಯಲ್ಲಿ ಎರಡರಿಂದ ನಾಲ್ಕು ವಾರದ ಮಾತ್ರೆ ಮುಂಗಡ ಇರಲಿ. ಇದರಲ್ಲಿ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಈ ಕಾಯಿಲೆ ಇರುವವರಲ್ಲಿ ಆತ್ಮಹತ್ಯೆ ಉಳಿದವರಿಗಿಂತ ಹೆಚ್ಚು, ಮತ್ತು ಕ್ಲೋಜಪಿನ್ ಒಟ್ಟಿಗೆ ನುಂಗಿದರೆ ಪ್ರಾಣಕ್ಕೆ ಸಂಚಕಾರ. ಮುಂಗಡ ಮಾತ್ರೆಗೆ ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ, ವಾರದ ಡಬ್ಬಿ ಮಾತ್ರ ಅವರ ಕೈಯಲ್ಲಿ. ಅವರು ಮಂಕಾಗಿದ್ದಾರೆ, "ನಾನಿದ್ದು ಏನು" ಅನ್ನುತ್ತಿದ್ದಾರೆ ಅಂದರೆ ಆ ಡಬ್ಬಿಯೂ ನಿಮ್ಮ ಹತ್ತಿರವೇ, ಮತ್ತು ಅದೇ ದಿನ ಡಾಕ್ಟರಿಗೆ ಫೋನ್.

ತಿಂಗಳಿಗೊಂದು, ಮೂರು ತಿಂಗಳಿಗೊಂದು ಇಂಜೆಕ್ಷನ್ ಇದೆಯಲ್ಲ, ಅದಕ್ಕೆ ಬದಲಾಯಿಸಬಹುದಲ್ಲ ಅಂತ ಬಹಳ ಜನ ಕೇಳುತ್ತಾರೆ. ರಿಸ್ಪೆರಿಡೋನ್ ತರಹದ ಮಾತ್ರೆ ಹಿಡಿಸಿದವರಿಗೆ ಅದು ಒಳ್ಳೆಯ ದಾರಿ. ಕ್ಲೋಜಪಿನ್‌ಗೆ ಅಂಥ ಇಂಜೆಕ್ಷನ್ ಇಲ್ಲ. ಉಳಿದವು ನಾಟದೆ ಇದ್ದಾಗಲೇ ನಿಮ್ಮ ತಮ್ಮನಿಗೆ ಇದು ಬಂದದ್ದು. ರಕ್ತ ಪರೀಕ್ಷೆಯ ತಾಪತ್ರಯ ತಪ್ಪಿಸಲು ಮತ್ತೆ ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಫೋನಿನಲ್ಲಿ, ವಿಡಿಯೋದಲ್ಲಿ ಡಾಕ್ಟರನ್ನು ಕಾಣುವುದು ಪರವಾಗಿಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿ. ಕ್ಯಾಮೆರಾ ಕಂಡರೆ ಅನುಮಾನ ಬರುವವರಿಗೆ ಬರೀ ಧ್ವನಿ ಸಾಕು. ಆದರೆ ತೂಕ, ಸಕ್ಕರೆ ಫೋನಿನಲ್ಲಿ ಕಾಣುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆಯಾದರೂ ನೇರ ಹೋಗಲೇಬೇಕು.

ಮಾತ್ರೆ ಬಿಟ್ಟರೂ ಮೊದಲ ವಾರ ಚೆನ್ನಾಗೇ ಇದ್ದನಲ್ಲ ಅಂತ ಅಮ್ಮ ಹೇಳಬಹುದು. 65 ಪ್ರಯೋಗಗಳನ್ನು ಒಟ್ಟು ಮಾಡಿ 2012ರಲ್ಲಿ ಲೆಕ್ಕ ಹಾಕಿದಾಗ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಮಾತ್ರೆ ಮುಂದುವರಿಸಿದವರಲ್ಲಿ ನೂರಕ್ಕೆ 27 ಜನಕ್ಕೆ, ಬಿಟ್ಟವರಲ್ಲಿ 64 ಜನಕ್ಕೆ. ಬಿಟ್ಟ ಮಾರನೇ ದಿನವೇ ಏನೂ ಆಗುವುದಿಲ್ಲ. ಜನ ಮೋಸ ಹೋಗುವುದೇ ಅಲ್ಲಿ. ಕ್ಲೋಜಪಿನ್ ಮಾತ್ರ ಅಷ್ಟು ಸಮಯವನ್ನೂ ಕೊಡುವುದಿಲ್ಲ. ಒಮ್ಮೆಗೇ ನಿಲ್ಲಿಸಿದರೆ ಕೆಲವರಲ್ಲಿ ದಿನಗಳಲ್ಲೇ ಕೆರಳುತ್ತದೆ.

ಒಂದು ಹಾಳೆ ತಯಾರು ಮಾಡಿ. ಮಾತ್ರೆಯ ಹೆಸರು ಮತ್ತು ಡೋಸ್, ಕೊನೆಯ ರಕ್ತ ವರದಿ, ದಿನಕ್ಕೆ ಎಷ್ಟು ಸಿಗರೇಟು, ಹುಷಾರು ತಪ್ಪುವ ಮುಂಚಿನ ಗುರುತುಗಳು, ಡಾಕ್ಟರ ಫೋನ್ ನಂಬರು, ನಿಮ್ಮ ತಮ್ಮ ಯಾರ ಮಾತು ಕೇಳುತ್ತಾರೆ ಅನ್ನುವುದು. 2021ರಲ್ಲಿ ನೀವೆಲ್ಲ ಒಟ್ಟಿಗೆ ಹಾಸಿಗೆ ಹಿಡಿದಿರಿ. ಹಾಗೆ ಮತ್ತೆ ಆದರೆ ಈ ಹಾಳೆ ಹಿಡಿದು ಬರುವ ಇನ್ನೊಬ್ಬರು ಯಾರು ಅಂತ ಈಗಲೇ ಗೊತ್ತು ಮಾಡಿಕೊಳ್ಳಿ.

ಇದನ್ನು ತಮ್ಮನಿಗೆ ತೋರಿಸಬಹುದಾ ಅಂತ ಕೇಳಿದ್ದೀರಿ. ತೋರಿಸಿ. ಬೀಗದ ಕೈಯ ಮಾತೂ ಇದೆ, ಅದನ್ನೂ ಬಚ್ಚಿಡಬೇಡಿ. ಹುಷಾರಾಗಿರುವಾಗ ಓದಲಿ. ಹಾಳೆಯಲ್ಲಿ ಸಿಗರೇಟಿನ ಲೆಕ್ಕ ಬರೆಯುವಾಗ ಅವರನ್ನೇ ಕೇಳಿ, ನಿಮಗೆ ಗೊತ್ತಿರುವುದಕ್ಕಿಂತ ಒಂದೆರಡು ಜಾಸ್ತಿ ಇರುತ್ತದೆ.